ಸಾಕು ಮೀನು

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದ ರೇಡಿಯಮ್ಮ ಮನೆಗೆ ವಾಪಸಾದಾಗ ಅವಳ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು: ಸಾಕು.

ಇದಕ್ಕಿಂತ ದೊಡ್ಡ ಅನ್ಯಾಯ ಆ ಬೀದಿಯಲ್ಲಿ ನಡೆದಿರಲಿಲ್ಲ. ಬೆಳಗ್ಗೆ ಪೇಪರಿನವನನ್ನು ತಡೆದು ನಿಲ್ಲಿಸಿ ಶುರು ಮಾಡಿದರೆ ಬೀದಿದೀಪ ಹತ್ತುವವರೆಗೂ ಆ ಹೆಂಗಸಿನ ಪ್ರಸಾರ ನಿಲ್ಲುತ್ತಿರಲಿಲ್ಲ. ಹೆಸರು ಬಂದದ್ದೇ ಹಾಗೆ. ಯಾರ ಮನೆಯ ಬೆಕ್ಕು ಮರಿ ಹಾಕಿತು, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಳು, ಎಲ್ಲವೂ ಅವಳ ಕಿಟಕಿ ದಾಟಿಯೇ ಬೀದಿಗೆ ಬರಬೇಕು. ಗಂಡನೋ, ಮಾತು ಮುತ್ತು ಎಂದು ಯಾರೋ ಹೇಳಿದ್ದನ್ನು ನಂಬಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡವನು. ಅವನ ಪಾಲಿನದನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅವನು ನಡುವೆ ಒಂದೊಂದು ಹೂಂ ಸೇರಿಸುತ್ತಿದ್ದ, ಸಂಸಾರ ಸುಸೂತ್ರವಾಗಿ ನಡೆದಿತ್ತು.

ಈಗ ಊಟ ತಂದರೂ ಸಾಕು, ತರದಿದ್ದರೂ ಸಾಕು. ಕಿಟಕಿ ತೆಗೆದರೆ ಸಾಕು, ಮುಚ್ಚಿದರೆ ಸಾಕು. ತಲೆಯೊಳಗೆ ಮಾತೆಲ್ಲ ಇದೆ, ದಾರಿ ಮುಚ್ಚಿಹೋಗಿದೆ, ಇಂಥವರು ನಾಲಿಗೆಗೆ ಸಿಕ್ಕ ಒಂದನ್ನೇ ಎಲ್ಲದಕ್ಕೂ ಬಳಸುತ್ತಾರೆ ಎಂದು ಮಾತಿನ ಚಿಕಿತ್ಸೆ ಕೊಡುವ ಹುಡುಗಿ ವಿವರಿಸಿದ್ದಳು. ಗಂಡ ಅದನ್ನು ಕೇಳಿಸಿಕೊಂಡ, ಆದರೆ ಒಪ್ಪಲಿಲ್ಲ. ಇಷ್ಟೆಲ್ಲ ಮಾತುಗಳಿರುವಾಗ ಅವಳ ನಾಲಿಗೆ ಅದನ್ನೇ ಏಕೆ ಹಿಡಿದುಕೊಂಡಿತು? ಬದುಕು ಸಾಕೆನಿಸಿದೆ ಅವಳಿಗೆ, ಅಷ್ಟೇ ಎಂದುಕೊಂಡ.

ಬೀದಿಯವರು ಅವನನ್ನು ನೀರಣ್ಣ ಎನ್ನುತ್ತಿದ್ದರು. ನಗರದ ನೀರು ಶುದ್ಧೀಕರಣ ಘಟಕಕ್ಕೆ ಮರಳು ಹೊರುವ ಆಳಾಗಿ ಸೇರಿ, ಮೇಲ್ವಿಚಾರಕನಾಗಿ ನಿವೃತ್ತನಾದವನು. ಇಡೀ ಊರಿಗೆ ನೀರು ಕುಡಿಸಿದವನು ನಾನು ಎಂಬುದು ಅವನ ಅಪರೂಪದ ಮಾತುಗಳಲ್ಲಿ ಒಂದು. ನನಗೆ ಮಾತ್ರ ಏಳು ಕೆರೆ ನೀರು ಕುಡಿಸಿದರು ಎಂಬುದು ರೇಡಿಯಮ್ಮನ ಸಿದ್ಧ ಉತ್ತರ. ತನ್ನ ನೀರು ಕುಡಿದು ಒಬ್ಬರಿಗೂ ಹೊಟ್ಟೆನೋವು ಬರಲಿಲ್ಲ ಎಂದು ಅವನು ಎದೆ ತಟ್ಟಿ ಹೇಳಬಲ್ಲವನಾಗಿದ್ದ. ಕಣ್ಣಿಗೆ ಕಾಣದ ಜೀವಿಗಳನ್ನು ಕೊಲ್ಲುವುದೇ ಅವನ ಕಸುಬು, ಬ್ಲೀಚಿಂಗ್ ಪುಡಿಯೇ ಅವನ ಆಯುಧ.

ಹೆಂಡತಿ ಮನೆಗೆ ಬಂದ ಮೇಲೆ ಆ ಆಯುಧ ಮತ್ತೆ ಹೊರಬಂತು. ನೆಲಕ್ಕೆ ಮೂರು ಹೊತ್ತು ಫಿನಾಯಿಲು, ಹಾಸಿಗೆ ವಸ್ತ್ರಕ್ಕೆ ಕುದಿನೀರು. ನೋಡಲು ಬಂದವರನ್ನೆಲ್ಲ ಹೊಸಿಲಲ್ಲೇ ನಿಲ್ಲಿಸಿ, ಸೋಂಕು ತಗಲೀತು ಎಂದು ಹೇಳಿ ಕಳಿಸಿದ. ರೇಡಿಯಮ್ಮನ ಜೀವದ ಗೆಳತಿ, ಎದುರುಮನೆಯ ಟೈಲರಮ್ಮ ಕೂಡ ಎರಡು ಸಲ ಬಂದು ತಿರುಗಿ ಹೋದವಳು ಮತ್ತೆ ಬರಲಿಲ್ಲ. ಮನೆ ಫಳಫಳ ಹೊಳೆಯಿತು. ಆ ಹೊಳಪಿನ ನಡುವೆ ಗಾಲಿಕುರ್ಚಿಯಲ್ಲಿ ಕೂತು ರೇಡಿಯಮ್ಮ ಗೋಡೆ ನೋಡುತ್ತಿದ್ದಳು.

ಕನ್ನಡಕದ ಅಂಗಡಿ ನಡೆಸುವ ಅವರ ಮಗಳು ಊರಿನ ಆಚೆ ತುದಿಯಲ್ಲಿದ್ದ ಆರೈಕೆ ಕೇಂದ್ರವೊಂದನ್ನು ನೋಡಿಕೊಂಡು ಬಂದಿದ್ದಳು. ಅಲ್ಲಿಗೆ ಸೇರಿಸುವ ಮಾತನ್ನು ಅಪ್ಪನ ಮುಂದೆ ಎತ್ತುವ ಮೊದಲು, ಕಣ್ಣು ಹರಿಸಲು ಏನಾದರೂ ಚಲಿಸುವುದನ್ನು ಎದುರಿಗಿಡಿ ಎಂಬ ಚಿಕಿತ್ಸೆಯ ಹುಡುಗಿಯ ಸಲಹೆಯನ್ನು ಪಾಲಿಸಿಯೇಬಿಡೋಣ ಎಂದು ಒಂದು ಗಾಜಿನ ತೊಟ್ಟಿ, ಒಂದಿಷ್ಟು ಮೀನು ಕೊಡಿಸಿದಳು. ಮೀನಿನ ಅಂಗಡಿಯವನು ತಾಳ್ಮೆಯಿಂದ ಹೇಳಿಕೊಟ್ಟ: ಮೊದಲು ಕೆಲವು ವಾರ ನೀರು ಮಾತ್ರ ಓಡಲಿ, ಮೀನು ಆಮೇಲೆ, ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಊಟ ಒಂದು ಚಿಟಿಕೆ. ನೀರಣ್ಣನ ಮುಖ ಬಿಗಿಯಿತು. ನೀರಿನ ವಿಷಯದಲ್ಲಿ ತನಗೆ ಪಾಠವೇ? ಮೀನಿಗೆ ಈಜು ಕಲಿಸಲು ಬಂದಿದ್ದಾನೆ ಎಂದುಕೊಂಡು ಮೀನುಗಳನ್ನು ಅಂದೇ ತಂದು, ಅಂದೇ ನೀರಿಗೆ ಬಿಟ್ಟ.

ಮೊದಲ ದಿನವೇ ರೇಡಿಯಮ್ಮನ ಕಣ್ಣು ಗೋಡೆಯಿಂದ ಗಾಜಿಗೆ ಬಂತು. ಪುಟಾಣಿ ಮೀನುಗಳ ನಡುವೆ ಹೊಟ್ಟೆ ಉಬ್ಬಿದ ಒಂದು ಕಿತ್ತಳೆ ಬಣ್ಣದ್ದಿತ್ತು. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ಗುಂಡ ತಳದ ಕಲ್ಲೊಂದನ್ನು ಬಾಯಿಗೆ ಹಾಕಿಕೊಂಡು, ಚಪ್ಪರಿಸಿ ನೋಡಿ, ಇದೂ ಒಂದು ಕಲ್ಲೇ ಎನ್ನುವ ಹಾಗೆ ಥೂ ಎಂದು ಉಗುಳಿತು. ರೇಡಿಯಮ್ಮ ಅರ್ಧ ಬಾಯಲ್ಲಿ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು. ನೀರಣ್ಣ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಆ ನಗುವನ್ನು ಉಳಿಸಿಕೊಳ್ಳಬೇಕಲ್ಲ, ಅವನಿಗೆ ಗೊತ್ತಿದ್ದುದು ಒಂದೇ ದಾರಿ. ತೊಟ್ಟಿಯ ನೀರನ್ನೆಲ್ಲ ಬಸಿದ. ಕಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಿದ. ಕಂದು ಬಣ್ಣಕ್ಕೆ ತಿರುಗುತ್ತಿದ್ದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹಾಲಿನಷ್ಟು ಬೆಳ್ಳಗೆ ಮಾಡಿದ. ಕೊಳಾಯಿ ನೀರು ತುಂಬಿದ. ಮಾರನೆಯ ದಿನ ನೀರು ಮಸುಕಾಯಿತು. ಮತ್ತೆ ಬಸಿದ, ಉಜ್ಜಿದ, ಹಿಂಡಿದ, ತುಂಬಿದ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಮಗಳು ಛೇಡಿಸಿದಳು. ಅವನು ಬಕೆಟ್ ಎತ್ತಿದಾಗಲೆಲ್ಲ ಕುರ್ಚಿಯಿಂದ ಸದ್ದು ಬರುತ್ತಿತ್ತು: ಸಾಕು. ಇನ್ನೇನು ಮುಗೀತು ಎಂದು ಅವನು ಸಮಾಧಾನ ಹೇಳುತ್ತಿದ್ದ.

ಪಟ್ಟೆಯ ಮೀನು ಮೊದಲು ಹೋಯಿತು. ಆಮೇಲೆ ಒಂದೊಂದಾಗಿ ಉಳಿದ ಪುಟಾಣಿಗಳು. ಅವಳು ಏಳುವ ಮೊದಲೇ ಸತ್ತದ್ದನ್ನು ಎತ್ತಿ ಗಿಡದ ಬುಡಕ್ಕೆ ಹಾಕುತ್ತಿದ್ದ. ಬೀದಿಯ ಲೆಕ್ಕವನ್ನೆಲ್ಲ ಕಿಟಕಿಯಲ್ಲೇ ಇಟ್ಟವಳಿಗೆ ಗಾಜಿನ ತೊಟ್ಟಿಯ ಲೆಕ್ಕ ತಪ್ಪುತ್ತದೆಯೇ? ಒಂದು ಬೆಳಗ್ಗೆ ಅವಳು ನೆಟ್ಟಗಿದ್ದ ಕಾಲನ್ನು ನೆಲಕ್ಕೆ ಒತ್ತಿ, ಕುರ್ಚಿಯನ್ನು ತಾನೇ ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಚಮಚ ತುಟಿಯ ಹತ್ತಿರ ಬಂದರೆ ಕೈಯಿಂದ ತಳ್ಳಿದಳು. ಸಾಕು.

ಆ ವಾರ ಬಂದ ಮಗಳು ಅಪ್ಪನನ್ನು ಅಂಗಳಕ್ಕೆ ಕರೆದೊಯ್ದು ಮಾತೆತ್ತಿದಳು.

"ಅಪ್ಪ, ಅಲ್ಲಿ ಒಂದು ಜಾಗ ಖಾಲಿ ಆಗಿದೆ. ಈ ಭಾನುವಾರದೊಳಗೆ ಹೇಳ್ಬೇಕು. ಅಲ್ಲಿರೋರು ಇದನ್ನೇ ಕಲಿತೋರು. ನೀವು ನೋಡಿ, ಹೇಗೆ ಸೊರಗಿ ಹೋಗಿದೀರ."

"ನಿಮ್ಮಮ್ಮನ್ನ ಕೇಳ್ಬೇಡ್ವಾ?"

"ಅವಳು ದಿನಾ ಹೇಳ್ತಾನೇ ಇದಾಳಲ್ಲಪ್ಪ."

ಭಾನುವಾರ ಬಾ, ಸೇರಿಸೋಣ ಎಂದ. ಅವಳಿಲ್ಲದ ಈ ಮನೆಯಲ್ಲಿ ತಾನು ಯಾರಿಗೆ ಹೂಂಗುಟ್ಟುವುದು? ಆದರೂ ಅವಳೇ ಸಾಕು ಎನ್ನುತ್ತಿರುವಾಗ ಹಿಡಿದಿಟ್ಟುಕೊಳ್ಳಲು ತನಗೇನು ಹಕ್ಕಿದೆ ಎಂದು ತನಗೆ ತಾನೇ ಹೇಳಿಕೊಂಡ.

ಒಳಗೆ ಬಂದರೆ ಗುಂಡ ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಉಳಿದದ್ದು ಅದೊಂದೇ. ಅಭ್ಯಾಸಬಲದಿಂದ ನೀರಣ್ಣ ಸ್ಪಂಜನ್ನು ಕಿತ್ತು ನಲ್ಲಿಯ ಕೆಳಗೆ ಹಿಡಿದ. ಅದಾಗಲೇ ಬೆಳ್ಳಗಿತ್ತು, ಹಿಂಡಲು ಏನೂ ಇರಲಿಲ್ಲ. ಎಲ್ಲಿಂದಲೋ ಒಂದು ಗದರಿಕೆ ನೆನಪಾಯಿತು.

ಕೆಲಸಕ್ಕೆ ಸೇರಿದ ಹೊಸತು. ಆಗಿನ್ನೂ ಘಟಕದಲ್ಲಿ ಹಳೆಯ ಮರಳು ತೊಟ್ಟಿಗಳಿದ್ದವು. ನೀರು ಮರಳಿನ ಮೂಲಕ ನಿಧಾನವಾಗಿ ಇಳಿದು ಶುದ್ಧವಾಗುತ್ತಿತ್ತು. ಮರಳಿನ ಮೇಲೆ ತೆಳ್ಳನೆಯ ಲೋಳೆ ಕಟ್ಟುತ್ತಿತ್ತು. ತಾನು ಬಲು ಚುರುಕಿನವನೆಂದು ತೋರಿಸಲು ಅವನು ಒಂದು ದಿನ ಅದನ್ನು ಆಳಕ್ಕೆ ಕೆರೆದು ಬಳಿದು ಹಾಕಿದ್ದ. ಮುದಿ ಮೇಸ್ತ್ರಿ ಓಡಿ ಬಂದು ಸಲಿಕೆ ಕಿತ್ತುಕೊಂಡಿದ್ದ.

"ಅದು ಕೊಳೆ ಅಲ್ಲ ಕಣೋ ದಡ್ಡ, ಅದೇ ನಮ್ಮ ಕೆಲಸದೋರು. ಜೀವ ಇರೋದೇ ಆ ಲೋಳೇಲಿ. ನೀನೂ ನಾನೂ ಬರೀ ಕಾವಲು."

ಕೆರೆದ ಮರಳು ಮತ್ತೆ ಲೋಳೆ ಕಟ್ಟಿ ಹಣ್ಣಾಗುವವರೆಗೂ ಆ ತೊಟ್ಟಿಯ ನೀರನ್ನು ಊರಿಗೆ ಕೊಡದೆ ಚರಂಡಿಗೆ ಬಿಟ್ಟಿದ್ದರು. ಹಣ್ಣಾಗುವುದು, ಅದೇ ಅವರ ಮಾತು. ಆಮೇಲೆ ಹೊಸ ಯಂತ್ರ ಬಂತು, ಬ್ಲೀಚಿಂಗ್ ಪುಡಿ ಬಂತು, ಮರಳು ತೊಟ್ಟಿಗಳನ್ನು ಮುಚ್ಚಿದರು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತಾರಲ್ಲ, ಆ ಹಳೆ ನೀರಿನ ಜೊತೆ ನೀರಣ್ಣನ ಬುದ್ಧಿಯೂ ಹೋಗಿತ್ತು. ಮೀನಿನ ಹೊಲಸನ್ನು ತಿಂದು ಅರಗಿಸುವ ಕೆಲಸದವರು ಆ ಸ್ಪಂಜಿನಲ್ಲಿ ಬಂದು ಬಿಡಾರ ಹೂಡಿದಾಗಲೆಲ್ಲ ಅವನು ನಲ್ಲಿ ನೀರಿನ ಕ್ಲೋರಿನ್ನಿನಿಂದ ಅವರ ವಂಶವನ್ನೇ ತೊಳೆದು ಹಾಕಿದ್ದ. ಮೀನುಗಳು ತಮ್ಮ ಹೊಲಸಿನ ವಿಷಕ್ಕೂ ಆ ಕ್ಲೋರಿನ್ನಿಗೂ ಸಿಕ್ಕಿ ಸತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವನಿಗೂ ಇಂಥ ದಡ್ಡ ಸಿಕ್ಕಿರಲಾರ.

ಆ ಕೂಡಲೇ ಚಪ್ಪಲಿ ಮೆಟ್ಟಿ ಮೀನಿನ ಅಂಗಡಿಗೆ ಹೋಗಿ, ನಿಮ್ಮ ಹಳೇ ತೊಟ್ಟಿಯ ಸ್ಪಂಜಿನ ಕೊಳೆ ಸ್ವಲ್ಪ ಕೊಡಿ ಎಂದು ಕೇಳಿದ. ಹೆಪ್ಪಿಗೆ ಒಂದಿಷ್ಟು ಮೊಸರು ಕೊಡಿ ಎನ್ನುವ ದನಿಯಲ್ಲೇ ಕೇಳಿದ. ಮೀನು ಕೇಳಿ ಬರುವವರನ್ನು ಕಂಡಿದ್ದೇನೆ, ಕೊಳೆ ಕೇಳಿ ಬಂದವರು ನೀವೇ ಮೊದಲು ಎಂದು ಅಂಗಡಿಯವನು ನಕ್ಕು, ಕಂದು ನೀರನ್ನು ಚೀಲಕ್ಕೆ ಹಿಂಡಿಕೊಟ್ಟ. ಅದನ್ನು ತಂದು ತನ್ನ ಬಿಳಿ ಸ್ಪಂಜಿಗೆ ಕುಡಿಸಿದ. ತೊಟ್ಟಿಗೆ ಹಾಕುವ ನೀರನ್ನು ಮೊದಲು ಬಕೆಟ್ಟಿನಲ್ಲಿ ತೆರೆದಿಟ್ಟು ಕ್ಲೋರಿನ್ ಹಾರಿಹೋಗಲು ಬಿಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪವೇ ಬದಲಿಸಿದ. ಊಟ ಚಿಟಿಕೆಗಿಂತ ಕಡಿಮೆ. ಗಾಜಿನ ಮೂಲೆಯಲ್ಲಿ ಪಾಚಿ ಮೂಡಿತು, ಕಲ್ಲುಗಳ ಮೇಲೆ ಲೋಳೆ ಕೂತಿತು. ಅವನ ಕೈ ತುರಿಸುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಹಾಗೆ ನಿಂತವನಿಗೆ ಮನೆಯ ಸದ್ದಿಲ್ಲದ ಹೊಳಪು ಮೊದಲ ಸಲ ಕಣ್ಣಿಗೆ ಚುಚ್ಚಿತು. ಇಲ್ಲಿಯೂ ನಾನು ಅದನ್ನೇ ಮಾಡಿದ್ದೇನಲ್ಲ ಎನಿಸಿತು. ಬೀದಿ ದಾಟಿ ಟೈಲರಮ್ಮನ ಮನೆಯ ಬಾಗಿಲು ಬಡಿದು, ತಪ್ಪಾಯ್ತು, ಬನ್ನಿ ಎಂದ. ಅವಳು ಸೂಜಿ ದಾರ ಹಿಡಿದೇ ಬಂದಳು. ಕಾಲು ತೊಳೆದುಕೊಂಡು ಬನ್ನಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನೀರಣ್ಣ ನುಂಗಿಕೊಂಡ. ಅವಳು ಗಾಲಿಕುರ್ಚಿಯನ್ನು ಗೋಡೆಯಿಂದ ತಿರುಗಿಸಿ, ಬೀದಿಯಲ್ಲಿ ಅಷ್ಟು ದಿನ ನಡೆದದ್ದನ್ನೆಲ್ಲ ಉಸಿರು ತೆಗೆದುಕೊಳ್ಳದೆ ಸುರಿದಳು. ಮೂಲೆಮನೆಯ ಜಗಳದ ಸುದ್ದಿಗೆ ರೇಡಿಯಮ್ಮ ಹುಬ್ಬು ಹಾರಿಸಿದಳು. ಅಂದು ತಟ್ಟೆ ಖಾಲಿಯಾಯಿತು. ಗುಂಡ ತಳಕ್ಕಿಳಿದು, ಒಂದು ಕಲ್ಲನ್ನು ಚಪ್ಪರಿಸಿ ಉಗುಳಿತು.

ಆದರೂ ಭಾನುವಾರ ಬಂದೇ ಬಂತು. ಬೆಳಗ್ಗೆ ಮುಖ ತೊಳೆಸುವಾಗ ರೇಡಿಯಮ್ಮ ಗಂಡನನ್ನೇ ನೋಡುತ್ತ, ತಡೆತಡೆದು, ಸಾಕು ಎಂದಿದ್ದಳು. ನಾಲ್ಕು ದಿನ ಚೆನ್ನಾಗಿ ಉಂಡ ಮಾತ್ರಕ್ಕೆ ಮನಸ್ಸು ಬದಲಾಗುತ್ತದೆಯೇ ಎಂದು ನೀರಣ್ಣ ಆಸೆಯನ್ನು ಅಲ್ಲಿಗೇ ಕೈಬಿಟ್ಟ. ಮಗಳು ಬಂದು ಅಮ್ಮನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಇನ್ನು ಈ ಮೀನನ್ನು ಯಾರು ನೋಡಬೇಕು ಎಂದು ನೀರಣ್ಣ ಪುಟ್ಟ ಬಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ತೆಗೆದುಕೊಂಡ. ಗುಂಡನನ್ನು ಅಂಗಡಿಗೆ ಒಪ್ಪಿಸಿ ಬಂದರೆ ಆಯಿತು, ಒಂದೇ ದಿನ ಎರಡೂ ಮುಗಿಯುತ್ತದೆ ಎಂದುಕೊಂಡ.

ಬಲೆ ನೀರಿಗಿಳಿಯಿತು. ಹಿಂದಿನಿಂದ ಸಾಕು ಎಂಬ ಸದ್ದು ಬಂತು.

"ಗೊತ್ತು ಕಣೇ, ಸಾಕು. ಕರ್ಕೊಂಡು ಹೋಗ್ತೀವಿ," ಎಂದ, ತಿರುಗಿ ನೋಡದೆ.

ದಬ್ ಎಂದು ಕುರ್ಚಿಯ ಕೈಗೆ ಗುದ್ದಿದ ಸದ್ದಾಯಿತು. ತಿರುಗಿದ. ರೇಡಿಯಮ್ಮನ ಮುಖ ಕೆಂಪಾಗಿತ್ತು, ಕತ್ತಿನ ನರ ಉಬ್ಬಿತ್ತು. ತುಟಿ ಒಂದು ಕಡೆಗೆ ಎಳೆಯುತ್ತಿತ್ತು, ನಾಲಿಗೆ ಒಳಗೆಲ್ಲೋ ತಡವರಿಸುತ್ತಿತ್ತು. ಚೀಲದ ಜಿಪ್ಪು ಹಾಕುತ್ತಿದ್ದ ಮಗಳು ಕೈ ನಿಲ್ಲಿಸಿದಳು.

"ಸಾ... ಕಿ."

ನೀರಣ್ಣ ಬಲೆಯನ್ನು ನೀರಿನಿಂದ ಮೇಲೆತ್ತಿದ.

ಬೇಕು ಸಾಕುಗಳ ಸಾಕನ್ನು ಯಾರೂ ಸಾಕಿ ಎನ್ನುವುದಿಲ್ಲ. ಹಾಗೆ ಆಗುವುದು ಇನ್ನೊಂದು ಸಾಕು. ಮಕ್ಕಳನ್ನು ಸಾಕಿ, ಮೀನನ್ನು ಸಾಕಿ ಎನ್ನುವ ಸಾಕು. ರೇಡಿಯಮ್ಮ ಗಂಡನ ಜೊತೆ ಎಷ್ಟೇ ಜಗಳವಾಡಿದರೂ ಬನ್ನಿ, ತಿನ್ನಿ, ತೊಲಗಿ ಎಂದೇ ಆಡಿದವಳು, ಬಹುವಚನ ಬಿಟ್ಟವಳಲ್ಲ. ಅದರ ಕೊನೆಯ ಇಕಾರ ಇಷ್ಟು ದಿನ ನಾಲಿಗೆಗೆ ಸಿಕ್ಕಿರಲಿಲ್ಲ, ಅಷ್ಟೇ.

"ಮೀನನ್ನಾ?" ಎಂದ ನೀರಣ್ಣ.

ಅವಳು ನೆಟ್ಟಗಿದ್ದ ಕೈಯೆತ್ತಿ ತೊಟ್ಟಿಯನ್ನು ತೋರಿಸಿದಳು. ಆ ಕೈ ಅಲ್ಲಿಂದ ನಿಧಾನವಾಗಿ ಹಿಂದೆ ಬಂದು ಅವಳ ಎದೆಯ ಮೇಲೆ ಕೂತಿತು.

"ಸಾಕಿ."

ಮಗಳು ಚೀಲದ ಜಿಪ್ಪನ್ನು ಮತ್ತೆ ಎಳೆದು ತೆರೆದಳು. ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮಂಚದ ಮೇಲಿಟ್ಟಳು. ಮೂಗು ಒರೆಸಿಕೊಂಡಳು.

ನೀರಣ್ಣ ಬಲೆ ಹಿಡಿದೇ ಕುರ್ಚಿಯ ಮುಂದೆ ಕುಕ್ಕರಿಸಿದ. ಬಲೆಯಿಂದ ತೊಟ್ಟಿಯ ನೀರು ಅವನ ಫಳಫಳ ನೆಲದ ಮೇಲೆ ಸೋರುತ್ತಿತ್ತು. ನೀನು ಎಷ್ಟು ದಿನದಿಂದ ಇದನ್ನೇ ಹೇಳ್ತಿದ್ದೆ, ನಾನೆಂಥ ಕಿವುಡ, ನಿನ್ನನ್ನ ಕಳಿಸೋಕೆ ಹೊರಟಿದ್ದೆನಲ್ಲ, ಮೀನುಗಳನ್ನೂ ಕೊಂದೆ, ಬಂದೋರನ್ನೂ ಓಡಿಸಿದೆ ಎಂದು ಅಳುತ್ತ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಜೀವಮಾನವೆಲ್ಲ ಪೆಟ್ಟಿಗೆಯಲ್ಲಿಟ್ಟಿದ್ದ ಮಾತೆಲ್ಲ ಬೀಗ ಒಡೆದು ಹೊರಬಂತು. ರೇಡಿಯಮ್ಮ ತಲೆ ವಾಲಿಸಿಕೊಂಡು ಅಷ್ಟನ್ನೂ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಅರ್ಧ ಬಾಯಿ ಅರಳಿತು. ಆಮೇಲೆ ಕೈಚಾಚಿ ಅವನ ಬಾಯಿ ಮುಚ್ಚಿದಳು.

"ಸಾಕು," ಎಂದಳು.