ಎರಡು ಬೆರಳಿನ ಸಡಿಲ

ಹಳೆಯ ಎಣ್ಣೆ ಧೂಳು ಕುಡಿದು ಹಳಸಿದ ವಾಸನೆ, ಮೂಗಿಗೆ ಹತ್ತಿದರೆ ಸೀನು ಬರುವಂಥದು, ಆದರೆ ಅವಳಿಗೆ ಅದು ಮನೆಗೆ ವಾಪಸಾದ ವಾಸನೆ, ಇಷ್ಟು ದಿನ ಟಾರ್ಪಾಲಿನ ಕೆಳಗೆ ಮುಸುಕು ಹೊದ್ದು ಮಲಗಿದ್ದ ನಾಲ್ಕು ಗಾಲಿಯ ಕ್ವಾಡ್ ಬೈಕನ್ನು ಬೆಳಗಾಗುತ್ತಲೇ ಗಂಡನೇ ಶೆಡ್ಡಿನ ನಡುವಿಗೆ ತಳ್ಳಿ ನಿಲ್ಲಿಸಿದ್ದ, ನಾಳೆ ರೇಸಿಟ್ಕೊಂಡು ಇವತ್ತು ಮುಸುಕು ಹಾಕ್ಕೊಂಡು ಕೂತಿದ್ದೀಯಲ್ಲೇ, ಏಳು, ಚೈನ್ ನೋಡು, ನಾನು ಹತ್ತಿ ಕೂರ್ತೀನಿ — ಈಗ ಅವಳು ಹಿಂದಿನ ಗಾಲಿಯ ಪಕ್ಕ ಸಿಮೆಂಟು ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಾಳೆ, ಮೇಲೆ ಸೀಟಿನಲ್ಲಿ ಗಂಡ, ರಾಜನ ಹಾಗೆ — ಏನೇ, ಅಲ್ಲೇ ನಿದ್ದೆ ಹೋದ್ಯಾ? — ಸುಮ್ನೆ ಕೂತ್ಕೊಳ್ಳಪ್ಪ, ಅಲ್ಲಾಡ್ಬೇಡ. ಆಳು ಹತ್ತಿದರೆ ಹಿಂದಿನ ಸ್ಪ್ರಿಂಗು ಕುಸಿಯುತ್ತದೆ, ಕುಸಿದಂತೆ ಚೈನು ಬಿಗಿಯಾಗುತ್ತದೆ, ಖಾಲಿ ಬೈಕಿನಲ್ಲಿ ಸರಿಯಾಗಿ ಕಂಡ ಚೈನು, ಬೈಕು ಗುಂಡಿಗೆ ಹಾರಿ ಬಿದ್ದಾಗ ಪಟ್ಟನೆ ಹರಿಯಬಹುದು, ಅದಕ್ಕೇ ಭಾರ ಹಾಕಿ ಅಳೆಯಬೇಕು, ಚೈನಿನ ಕೆಳಗಿನ ಎಳೆಯ ನಡುವೆ ಬೆರಳಿಟ್ಟು ಎತ್ತಿದರೆ ಎರಡು ಬೆರಳಿನಷ್ಟು ಆಡಬೇಕು, ಹೆಚ್ಚಲ್ಲ, ಕಡಿಮೆಯಲ್ಲ, ಮತ್ತು ಭಾರಕ್ಕೆ ಇವನನ್ನು ಮೀರಿಸುವವರು ಈ ಊರಲ್ಲಿ ಯಾರಿದ್ದರು, ಬೇಕರಿಯವನು, ಹಿಟ್ಟಿನ ಚೀಲವನ್ನು ಕೂಸಿನ ಹಾಗೆ ಹೆಗಲಿಗೇರಿಸುತ್ತಿದ್ದವನು, ರೇಸಿನ ಹುಡುಗಿಯರೆಲ್ಲ ಅವನನ್ನು ಮೂಟೆ ಎಂದೇ ಕರೆಯುತ್ತಿದ್ದುದು, ಅಕ್ಕಾ, ನಿಮ್ಮ ಮೂಟೆ ಎರವಲು ಕೊಡ್ತೀರಾ, ನಮ್ಮ ಚೈನೂ ನೋಡ್ಬೇಕು — ಅವನು ನಗುನಗುತ್ತ ಒಂದು ಬೈಕಿನಿಂದ ಇನ್ನೊಂದಕ್ಕೆ ಹತ್ತಿ ಇಳಿಯುತ್ತಿದ್ದ, ಎಲ್ಲರ ಕೈಗೂ ಒಂದೊಂದು ಬನ್ನು ಕೊಡುತ್ತ.

ಬಿಗಿ ಬೋಲ್ಟುಗಳನ್ನು ಸಡಿಲಿಸಿ, ಚೈನು ಬಿಗಿಯಾಗಲೆಂದು ಆಕ್ಸಲನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ, ಬೆರಳಿಟ್ಟು ನೋಡಿದಳು, ಮೂರು ಬೆರಳು ಆಡಿತು, ಇನ್ನೊಂದಿಷ್ಟು ತಿರುಗಿಸಿದಳು, ಆಗಲೂ ಮೂರು ಬೆರಳಿನ ಹತ್ತಿರ, ಇದೇನು ಈ ಚೈನು ಹನುಮಂತನ ಬಾಲದ ಹಾಗೆ, ಆಪರೇಷನ್ನಿಗೆ ಮುಂಚೆ ತಾನೇ ಹೊಸದು ಹಾಕಿದ್ದು, ಒಂದು ರೇಸೂ ಓಡಿಲ್ಲ. ಆಪರೇಷನ್ನು. ಹೊಟ್ಟೆಯದು. ತೂಕ ತಾನಾಗೇ ಬರುತ್ತೆ, ಹೆದರ್ಬೇಡಿ ಅಂದಿದ್ದರು ಡಾಕ್ಟರು, ಬರ್ತಾ ಇದೆ ನೋಡು, ಅಂಗಿ ಎಷ್ಟು ಬಿಗಿ ಅಂತ ಇವನೂ ಹೊಟ್ಟೆ ಸವರಿಕೊಂಡು ತೋರಿಸುತ್ತಾನೆ, ತಟ್ಟೆಯಲ್ಲಿ ಬಡಿಸಿದ್ದು ಹೇಗೋ ಖಾಲಿಯಾಗುತ್ತದೆ, ಬೀದಿಯ ನಾಯಿ ಮಾತ್ರ ಯಾಕೋ ಇತ್ತೀಚೆಗೆ ದುಂಡಗಾಗಿದೆ — ನಾಯಿ. ಅಯ್ಯೋ, ನಾಯಿ. ಇನ್ನೊಂದಿಷ್ಟು ತಿರುಗಿಸು, ಕೈ ತನ್ನ ಪಾಡಿಗೆ ತಿರುಗಿಸುತ್ತದೆ, ಈಗ ಎರಡು ಬೆರಳು, ಸರಿ, ಬೋಲ್ಟು ಬಿಗಿ ಮಾಡು, ಆದರೆ ಕಣ್ಣು ಗಾಲಿಗೂ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಯ ಮೇಲೇ ನೆಟ್ಟಿದೆ, ಇವನು ಕೂತರೆ ಅಲ್ಲಿ ಒಂದು ಮುಷ್ಟಿ ತೂರುವುದೂ ಕಷ್ಟವಿತ್ತು, ಈಗ ಎರಡು ಮುಷ್ಟಿ ಒಂದರ ಮೇಲೊಂದು ಆರಾಮಾಗಿ ನಿಲ್ಲುತ್ತವೆ. ಚೈನು ಉದ್ದವಾಗಿಲ್ಲ. ಬೈಕೇ ಕುಸಿದಿಲ್ಲ.

ಸ್ವಲ್ಪ ಹಿಂದಕ್ಕೆ ಒರಗು ನೋಡೋಣ. — ಒರಗಿದೆ. — ಇನ್ನೂ ಸ್ವಲ್ಪ. — ಇನ್ನೂ ಒರಗಿದ್ರೆ ನಿನ್ನ ತಲೆ ಮೇಲೇ ಬೀಳ್ತೀನಿ ಕಣೆ. ಬೀಳು ಮಾರಾಯ, ಬಿದ್ದರೆ ಏನಾಗುತ್ತದೆ ಈಗ, ಮೊದಲಾಗಿದ್ದರೆ ಅಪ್ಪಚ್ಚಿಯಾಗುತ್ತಿದ್ದೆ. ಮೊದಲು, ಅಂದರೆ ಆ ಮೊದಲ ದಿನ, ಅವಳ ಡ್ರೈವಿಂಗ್ ಶಾಲೆಗೆ ಬೇಕರಿ ವ್ಯಾನು ಓಡಿಸಲು ಕಲಿಯುತ್ತೇನೆಂದು ಬಂದವನು ಕಾರಿಗೆ ಹತ್ತಿದಾಗ ಕಾರೇ ಅತ್ತ ವಾಲಿತ್ತು, ಮೈತುಂಬ ಬಿಸಿ ಬ್ರೆಡ್ಡಿನ ವಾಸನೆ, ಅವಳು ತನ್ನ ಕಡೆಯ ಬ್ರೇಕು ಒತ್ತುವಷ್ಟರಲ್ಲಿ ಗೇಟಿನ ಕಂಬಕ್ಕೆ ಗುದ್ದಿ, ಇಳಿದು ಹೋಗಿ ಕಂಬವನ್ನು ಸವರಿ, ಪಾಪ, ನೋವಾಯ್ತಾ ಎಂದು ಕೇಳಿದ್ದ, ಕಂಬವನ್ನು, ಎಂಥೆಂಥವರಿಗೋ ಗಾಡಿ ಕಲಿಸಿ ಕಲ್ಲಾಗಿದ್ದವಳು ಅವತ್ತು ಅವನ ಪ್ರೀತಿಗೆ ದೊಪ್ಪನೆ ಬಿದ್ದದ್ದು. ಯಾಕೆ ಮಾತಿಲ್ಲ, ಚೈನ್ ಸರಿ ಆಯ್ತಾ? — ಆಯ್ತು. ಇಲ್ಲ, ಆಗಲಿಲ್ಲ. ಮುಂದಕ್ಕೆ ಸರಿ, ನಾನೂ ಹತ್ತುತ್ತೀನಿ. — ನೀನ್ಯಾಕೆ? ಭಾರ ಸಾಲ್ದಾ? ನಗುತ್ತಲೇ ಕೇಳಿದ, ಆದರೆ ಆ ನಗು ಅರ್ಧಕ್ಕೇ ನಿಂತಿತು, ಅವಳು ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿ ಅವನ ಹಿಂದೆ ಹತ್ತಿ ಕೂತಳು, ಬೈಕು ನಿಟ್ಟುಸಿರಿಟ್ಟು ಕುಸಿಯಿತು, ಮೊದಲು ಇವನೊಬ್ಬನೇ ಕೂತಾಗ ಕುಸಿಯುತ್ತಿದ್ದಷ್ಟು. ಅವಳ ಮೂಗಿನ ಮುಂದೆ ಅವನ ಕತ್ತು, ಕತ್ತಿನ ಹಿಂದೆ ನೀಲಿ ಅಂಗಿಯ ಕಾಲರು, ಅದರೊಳಗೆ ಬಿಳಿಯದೊಂದು ಕಾಲರು, ಅದರೊಳಗೆ —

ಎಷ್ಟು ಅಂಗಿ ಹಾಕ್ಕೊಂಡಿದ್ದೀಯಾ? ಅವನು ಮುಂದಿನ ಗೋಡೆಗೆ ಹೇಳುವವನ ಹಾಗೆ, ಬಾಯಿಗೆ ಏನೂ ಸೇರ್ತಿಲ್ಲ ಕಣೆ, ನುಂಗಿದ್ದು ಇಳಿಯಲ್ಲ, ಹೇಳಿದ್ರೆ ನೀನು ಈ ಸಲಾನೂ ರೇಸ್ ಬಿಟ್ಟು ನನ್ನ ಮಂಚದ ಪಕ್ಕ ಕೂರ್ತೀಯ. — ಕೂರ್ತೀನಿ, ಅದಕ್ಕೇನೀಗ, ನಾಳೆ ರೇಸಿಲ್ಲ, ಡಾಕ್ಟರ ಹತ್ರ. — ನಾಳೆ ಭಾನುವಾರ, ಡಾಕ್ಟರಿಲ್ಲ, ರೇಸಿದೆ. ಎಂಥ ಕಳ್ಳ, ಅದನ್ನೂ ನೋಡಿಟ್ಟುಕೊಂಡಿದ್ದಾನೆ, ಅವಳಿಗೆ ಬೈಯಬೇಕು, ಬೈಯಲು ಬಾಯಿ ತೆರೆದರೆ ನಗು ಬರುತ್ತದೆ. ನಾಡಿದ್ದು ಬೆಳಿಗ್ಗೆ, ಬೇಕರಿ ಬಾಗಿಲು ಹಾಕಿ, ಇಬ್ಬರೂ. — ಆಯ್ತು. — ಆಣೆ? — ಆ ಗೇಟಿನ ಕಂಬದ ಆಣೆ. ಚೈನ್ ನೋಡು ಮೊದ್ಲು. ಅವನ ಸೊಂಟ ಹಿಡಿದು ಪಕ್ಕಕ್ಕೆ ಬಾಗಿ ಬೆರಳಿಟ್ಟಳು, ಚೈನು ತಂತಿಯ ಹಾಗೆ ಸೆಟೆದು ನಿಂತಿತ್ತು, ಒಂದು ಬೆರಳಿನಷ್ಟೂ ಆಡಲಿಲ್ಲ, ಇವನೊಬ್ಬನ ಭಾರ ನಂಬಿ ಬಿಗಿದದ್ದು ಹೀಗಾಗಿತ್ತು, ನಾಳೆ ಮೊದಲ ಗುಂಡಿಗೇ ಹರಿಯುತ್ತಿತ್ತು, ಇಳಿಯಬೇಕು, ಬೋಲ್ಟು ಮತ್ತೆ ಸಡಿಲಿಸಬೇಕು, ಆಕ್ಸಲು ಮುಂದಕ್ಕೆ ತರಬೇಕು, ಸ್ಪ್ಯಾನರು ಅಲ್ಲೇ ನೆಲದ ಮೇಲಿದೆ, ಇಳಿಯಬೇಕು, ಇಳಿಯುತ್ತೇನೆ — ನೀಲಿ ಕಾಲರಿನೊಳಗೆ ಬಿಳಿ ಕಾಲರು, ಬಿಳಿಯೊಳಗೆ ಅವಳೇ ಕೊಡಿಸಿದ ಆ ಹಸಿರು ಗೆರೆಯದು, ಅದರೊಳಗೆ, ದೂರದಲ್ಲಿ, ಯಾವುದಕ್ಕೂ ತಾಗದೆ, ಅವನ ಕತ್ತು.