ಶನಿವಾರದ ಮೊದಲ ಲಾರಿ

ತಾಂಡ್ಯದ ಆ ನೂಲಿನ ಗಿರಣಿಗೆ ೧೯೮೮ರಲ್ಲಿ ಮೂರು ಕಂಪ್ಯೂಟರ್ ಬಂದವು. ಆಫೀಸಿಗೊಂದು, ಗೋದಾಮಿಗೊಂದು, ಗೇಟಿಗೊಂದು. ನಡುವೆ ತಂತಿ ಎಳೆದಿದ್ದರೂ ಹೊತ್ತನ್ನು ಮಾತ್ರ ಪ್ರತಿಯೊಂದೂ ತನ್ನ ಪಾಡಿಗೆ ತಾನು ಎಣಿಸುತ್ತಿತ್ತು.

ಶನಿವಾರದ ಮೊದಲ ಲಾರಿ ಆಫೀಸಿನಲ್ಲಿ ಬಿಲ್ಲು ಪಡೆದು ಗೇಟು ದಾಟುವಷ್ಟರಲ್ಲಿ ಕಂಪ್ಯೂಟರುಗಳ ಲೆಕ್ಕದಲ್ಲಿ ಅರ್ಧ ಗಂಟೆ ಕಳೆದಿರುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದ ದಾರಿ. ಅಷ್ಟು ಹೊತ್ತು ಲಾರಿ ಎಲ್ಲಿ ನಿಂತಿತ್ತು? ಅದರಿಂದ ಏನು ಇಳಿಯಿತು? ಗೇಟಿನ ಜವರಯ್ಯನ ಮೇಲೆ ಎಲ್ಲರ ಕಣ್ಣು ಬಿತ್ತು. ನರಸೀಪುರದಲ್ಲಿ ಅವನ ಬಾಮೈದ ಹೊಸದಾಗಿ ಮಗ್ಗ ಹಾಕಿದ್ದಾನೆಂಬ ಸುದ್ದಿ ಬೇರೆ.

"ಈ ಶನಿವಾರವೂ ಹೀಗಾದರೆ ಅವನನ್ನ ಕೆಲಸದಿಂದ ತೆಗೀತೀನಿ," ಎಂದರು ಮ್ಯಾನೇಜರ್ ರಾಘವೇಂದ್ರ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಚಂಪಕಳ ಕಡೆ ತಿರುಗಿ, "ಮೂರೂ ಒಂದೇ ಹೊತ್ತು ತೋರಿಸೋ ಹಾಗೆ ಮಾಡಮ್ಮ. ಗಡಿಯಾರದ ನೆಪ ಹೇಳಬಾರದು ಅವನು," ಎಂದರು.

ಮೈಸೂರಿನಿಂದ ಅವಳು ಎರಡು ಫ್ಲಾಪಿ ತಂದಳು. ಒಂದರ ಪ್ರೋಗ್ರಾಮಿನಲ್ಲಿ ಆಫೀಸಿನ ಕಂಪ್ಯೂಟರೇ ಯಜಮಾನ. ಅದು ಹೇಳಿದ ಹೊತ್ತನ್ನು ಉಳಿದೆರಡು ಬಾಯಿ ಮುಚ್ಚಿಕೊಂಡು ಒಪ್ಪಬೇಕು. ಇನ್ನೊಂದು ಮೂರನ್ನೂ ಕೇಳುತ್ತದೆ. ಎರಡು ಒಪ್ಪಿದ ಹೊತ್ತಿಗೆ ಮೂರನೆಯದನ್ನು ತಿದ್ದುತ್ತದೆ.

"ಆಫೀಸೇ ಯಜಮಾನ ಆಗ್ಲಮ್ಮ," ಎಂದರು ಹೆಡ್ ಕ್ಲರ್ಕ್ ಬದರೀನಾರಾಯಣ. "ಗೇಟಿನವನ ಹತ್ರ ಟೈಮ್ ಕೇಳೋ ಗತಿ ನಮಗ್ಯಾಕೆ?"

ಇವರಿಗ್ಯಾಕೆ ಇಷ್ಟು ಆತುರ ಎನ್ನಿಸಿತು ಅವಳಿಗೆ. ಗೇಟಿಗೆ ಹೋದಳು. ಜವರಯ್ಯ ಬೀಡಿ ಬಚ್ಚಿಟ್ಟು ಎದ್ದು ನಿಂತ.

"ನಿಮ್ಗೂ ನನ್ ಮ್ಯಾಲೆ ಅನುಮಾನ್ವಾ ಅಮ್ಮಾವ್ರೇ?"

"ಎಲ್ಲರ ಮೇಲೂ ಇದೆ."

"ಅಂಗಾದ್ರೆ ಸರಿ ಬುಡಿ. ಪಂಕ್ತಿಭೇದ ಇಲ್ಲ ಅಂದಂಗಾಯ್ತು."

ಅವನು ಕಣ್ಣು ತಪ್ಪಿಸಲಿಲ್ಲ. ಅದೂ ಅವಳಿಗೆ ಅನುಮಾನಕ್ಕೇ ಕಾರಣವಾಯಿತು. ಯಾರನ್ನೂ ನಂಬಲಾರದೆ ಎರಡನೆಯ ಫ್ಲಾಪಿಯನ್ನೇ ಹಾಕಿದಳು.

ಶನಿವಾರ ಆಫೀಸು ತೆಗೆಯುವಾಗ ಅವಳು ಮೂಲೆಯ ಕುರ್ಚಿಯಲ್ಲಿದ್ದಳು. ಬದರೀನಾರಾಯಣ ಚಪ್ಪಲಿ ಹೊರಗೆ ಬಿಟ್ಟು ಬಂದು, ಕಂಪ್ಯೂಟರಿಗೆ ಕುಂಕುಮವಿಟ್ಟು ಕೈಮುಗಿದು, ಕೀಬೋರ್ಡು ಒತ್ತಿದರು. ಪರದೆಯ ಮೇಲಿನ ಹೊತ್ತು ಹಿಂದಕ್ಕೆ ಹೋಯಿತು. ಅಷ್ಟರಲ್ಲೇ ತಾನಾಗಿ ಮುಂದಕ್ಕೆ ಬಂತು. ಮತ್ತೆ ಒತ್ತಿದರು. ಮತ್ತೆ ಬಂತು.

"ಏನಮ್ಮ, ಇದಕ್ಕೇನು ಗಾಳಿ ಸೋಕಿದೆಯಾ?"

"ನೀವೇನು ಮಾಡ್ತಿದ್ದೀರಿ ಸಾರ್?"

"ಶನಿವಾರ ಒಂಬತ್ತಕ್ಕೆ ರಾಹುಕಾಲ ಕಣಮ್ಮ. ಆಫೀಸು ತೆಗೆಯೋದೂ ಒಂಬತ್ತಕ್ಕೇ. ದಿನದ ಮೊದಲ ಬಿಲ್ಲು ರಾಹುಕಾಲದಲ್ಲಿ ಹುಟ್ಟಬಾರದು. ಎಂಟೂವರೆ ಮಾಡಿ ಬಿಲ್ಲು ತೆಗೆದು, ಆಮೇಲೆ ಸರಿ ಮಾಡಿಬಿಡ್ತೀನಿ. ಶಾಸ್ತ್ರಕ್ಕೆ ಅಷ್ಟೆ."

"ಪ್ರತಿ ಶನಿವಾರವೂ?"

"ಶಾಸ್ತ್ರ ಅಂದ್ಮೇಲೆ ವಾರ ಬಿಡೋಕಾಗತ್ತಾ..." ಮಾತು ಅರ್ಧಕ್ಕೇ ನಿಂತಿತು. ಅರ್ಧ ಗಂಟೆಯ ಲಾರಿ ಅವರಿಗೂ ನೆನಪಾಗಿತ್ತು.

ಆಫೀಸು ಯಜಮಾನನಾಗಿದ್ದರೆ ಮೂರೂ ಗಡಿಯಾರ ಒಟ್ಟಿಗೇ ಸುಳ್ಳು ಹೇಳಿ, ಲಾರಿ ಗೇಟು ಮುಟ್ಟುವ ಮೊದಲೇ ಒಟ್ಟಿಗೇ ಸರಿಯಾಗುತ್ತಿದ್ದವು. ಅರ್ಧ ಗಂಟೆಯ ಅಂತರ ಹಾಗೇ ಉಳಿದು ಜವರಯ್ಯನ ಕೆಲಸ ಇವತ್ತಿಗೆ ಮುಗಿಯುತ್ತಿತ್ತು.

"ಮ್ಯಾನೇಜರಿಗೆ ನೀವು ಹೇಳ್ತೀರೋ, ನಾನು ಹೇಳಲೋ?" ಎಂದಳು ಚಂಪಕ.

ಅವರೇ ಹೇಳಿದರು. ಬೈಸಿಕೊಂಡು ಗೇಟಿಗೂ ಹೋದರು. ಚಂಪಕ ಹಿಂದೆಯೇ ಹೋದಳು. ಅಲ್ಲಿ ಪೂರ್ತಿ ಹೇಳುತ್ತಾರೆಂಬ ನಂಬಿಕೆ ಅವಳಿಗಿರಲಿಲ್ಲ.

ಜವರಯ್ಯ ಕೊನೆಯವರೆಗೂ ಕೇಳಿದ.

"ನಿಮ್ ಬಿಲ್ಲಿಂದ ರಾಹುನ ಬುಡಿಸ್ಕಂಡು ನನ್ ತಲೆ ಮ್ಯಾಲೆ ಕೂರ್ಸಿದ್ರಲ್ಲಾ ಸಾ," ಎಂದ.

ಬದರೀನಾರಾಯಣ ಆಫೀಸಿಗೆ ಮರಳಿದರು. ಆದರೆ ಬಿಲ್ಲು ತೆಗೆಯಲಿಲ್ಲ. ಆ ದಿನ ಲಾರಿ ರಾಹುಕಾಲ ಕಳೆಯುವವರೆಗೂ ಆಫೀಸಿನ ಮುಂದೆ, ಎಲ್ಲರ ಕಣ್ಣೆದುರಿಗೆ, ನಿಂತೇ ಇತ್ತು.