ಕಲ್ಯಾಣಪ್ಪನ ಶೇಲ್ ಗ್ಯಾಸು

ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ ಅದು. ಆ ಜಿಲ್ಲೆಯ ಗಡಿಯೂರು ಔರಾದ ಶಹಾಜನಿಯ ಮಂದಿಯೆಲ್ಲ ನೀರಿಗಾಗಿ ನೆಲ ಕೊರೆಸುತ್ತಿದ್ದರೆ, ಅರಿವೆ ಅಂಗಡಿಯ ಕಲ್ಯಾಣಪ್ಪ ಮಾತ್ರ ಗ್ಯಾಸಿಗಾಗಿ ಕೊರೆಸಲು ಹೊರಟ.

ಉದಗೀರದ ಕಾಲೇಜಿನಲ್ಲಿ ಬೀಗರ ಮಗಳ ಸತ್ಕಾರಕ್ಕೆಂದು ಹೋದವನು ತಪ್ಪಿ ಬೇರೆ ಕೋಣೆ ಹೊಕ್ಕಿದ್ದೇ ಇದಕ್ಕೆಲ್ಲ ಮೂಲ. ಅಲ್ಲಿ ಭೂಗರ್ಭಶಾಸ್ತ್ರದ ಶಿವಕಾಂತಾ ಮೇಡಂ ಭಾಷಣ ನಡೆದಿತ್ತು. ಫ್ಯಾನು ಚಲೋ ತಿರುಗುತ್ತಿದ್ದುದರಿಂದ ಕಲ್ಯಾಣಪ್ಪನಿಗೆ ಏಳಲು ಮನಸ್ಸಾಗಲಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ನಿಂತ ನೀರಿನ ತಳದಲ್ಲಿ ನುಣ್ಣನೆಯ ಕೆಸರು ಕೂತಿತಂತೆ. ಸತ್ತ ಪಾಚಿ, ಹುಳು ಅದರಲ್ಲಿ ಬೆರೆತು, ಗಾಳಿ ಸಿಗದೆ ಪೂರ್ತಿ ಕೊಳೆಯದೆ ಉಳಿದವಂತೆ. ಮೇಲೆ ಬಿದ್ದ ಮಣ್ಣಿನ ಭಾರಕ್ಕೆ ಆ ಕೆಸರು ಶೇಲ್ ಎಂಬ ಪದರು ಪದರಿನ ಕಲ್ಲಾಯಿತು. ಆಳದ ಕಾವಿಗೆ ಒಳಗಿನ ಪಾಚಿ ಬೆಂದು ಗ್ಯಾಸಾಯಿತು. ಆದರೆ ಕಲ್ಲಿನ ರಂಧ್ರಗಳು ಎಷ್ಟು ಸಣ್ಣವೆಂದರೆ ಗ್ಯಾಸು ಅಲ್ಲಾಡಲಾರದು.

"ಅಂದ್ರ ಅದು ಗಾಳಿ ಆಡೋ ಮಲಮಲ್ ಅಲ್ಲ, ನೀರು ಸೋರದ ತಾಡಪತ್ರಿ!" ಕಲ್ಯಾಣಪ್ಪ ಕೂತಲ್ಲಿಂದಲೇ ಕೂಗಿದ.

ಹುಡುಗರೆಲ್ಲ ತಿರುಗಿ ನೋಡಿದರು. ಮೇಡಂ ನಕ್ಕರು. "ಖರೆ ರೀ. ತಾಡಪತ್ರಿಗಿಂತ ಬಿಗಿ. ಅದಕ್ಕೇ ಭಾಳಷ್ಟು ನೀರು ಜೋರಲೆ ನುಗ್ಗಿಸಿ ಕಲ್ಲು ಸೀಳಬೇಕಾಗ್ತದ."

"ನಮ್ಮ ಔರಾದದಾಗೂ ಅದ ಏನ್ರಿ ಅದು?"

"ಔರಾದದಾಗ ಮ್ಯಾಲೆಲ್ಲ ಲಾವಾದ ಕರಿಕಲ್ಲು. ಅದರ ತಳದಾಗ ಏನದ, ಯಾರೂ ಪೂರಾ ನೋಡಿಲ್ಲ."

ಯಾರೂ ನೋಡಿಲ್ಲವೆಂದರೆ ಅದು ಇದೆ ಎಂದೇ ಅರ್ಥವೆಂದು ತಿಳಿದು ಕಲ್ಯಾಣಪ್ಪ ಬಸ್ಸು ಹತ್ತಿದ. ಊರು ಮುಟ್ಟುವಷ್ಟರಲ್ಲಿ ಕಂಡಕ್ಟರನ ಮನೆಗೂ ಒಂದು ಗ್ಯಾಸಿನ ಪೈಪು ಕೊಡುವುದಾಗಿ ಮಾತು ಕೊಟ್ಟಿದ್ದ.

ಹೆಂಡತಿ ರಂಭಾಬಾಯಿ ಪೂರ್ತಿ ಕೇಳಿಸಿಕೊಂಡಳು. "ಗ್ಯಾಸ್ ಬಂದ ಮ್ಯಾಲ ಅದರ ಮ್ಯಾಲ ಏನು ಕುದಿಸ್ಲಿ? ಬ್ಯಾಳಿ ತೊಳೀಲಿಕ್ಕೂ ನೀರಿಲ್ಲ ಮನ್ಯಾಗ."

"ಹುರೀ! ಶೇಂಗಾ ಹುರೀ! ಹುರಿಯಾಕ ನೀರು ಯಾಕ ಬೇಕು?"

ಹೊಲಕ್ಕೆ ಕಾಶೆಪ್ಪನ ಬೋರ್ ಲಾರಿ ಬಂತು. ಕಲ್ಯಾಣಪ್ಪ ಆಳುಗಳ ಕಿಸೆ ತಡಕಿ ಬೀಡಿ, ಕಡ್ಡಿಪೆಟ್ಟಿಗೆ ಕಸಿದುಕೊಂಡು ದೂರದ ಬೇವಿನ ಮರದ ಪೊಟರೆಯಲ್ಲಿಟ್ಟ. ಯಂತ್ರ ಶುರುವಾದೊಡನೆ ಕುಣಿಯಿಂದ ಭುಸ್ಸೆಂದು ಗಾಳಿ ಎದ್ದಿತು.

"ಬಂತು! ಓಡ್ರಿ!" ಎಂದು ಅವನು ಧೋತರ ಎತ್ತಿ ಹಿಡಿದು ಬದು ಹಾರಿದ. ನೋಡಲು ಬಂದವರೂ ಹಿಂದೆ ಹಿಂದೆ ಹಾರಿದರು.

"ಸಾವಕಾರ್ರ, ಅದು ನನ್ನ ಕಂಪ್ರೆಸರ್ ಗಾಳಿ," ಎಂದ ಕಾಶೆಪ್ಪ.

ಎರಡನೆಯ ದಿನ ಕರಿಕಲ್ಲಿನ ಪುಡಿ ನಿಂತು, ಬೂದುಗಪ್ಪು ಜೇಡಿಮಣ್ಣು ಬರತೊಡಗಿತು. ಅದರಲ್ಲಿ ಸಾಸಿವೆಯಷ್ಟು ಸಣ್ಣ ಶಂಖಗಳಿದ್ದವು. ಕಲ್ಯಾಣಪ್ಪ ಒಂದು ಮುಷ್ಟಿ ಮೂಗಿಗೆ ಹಿಡಿದ, ನೆಕ್ಕಿದ. ತಾನೇ ಬೇವಿನ ಮರದ ತನಕ ಹೋಗಿ ಕಡ್ಡಿ ಗೀರಿ ಸುಟ್ಟೂ ನೋಡಿದ. ಬೆರಳು ಸುಟ್ಟಿತು, ಜೇಡಿ ಸುಡಲಿಲ್ಲ. ಆದರೂ ಫೋನು ಮಾಡಿ, "ಮೇಡಂ, ಸತ್ತ ಹುಳು ಸಿಕ್ಕಾವ, ಲಗೂ ಬರ್ರಿ!" ಎಂದ.

ಶಿವಕಾಂತಾ ಮೇಡಂ ಭೂತಗನ್ನಡಿ ಹಿಡಿದು ಬಂದವರು ಶಂಖ ಕಂಡು ಮಗುವಿನಂತೆ ಹಿಗ್ಗಿದರು. "ಒಂದು ಲಾವಾ ಹರಿದು, ಆರಿ, ಇನ್ನೊಂದು ಬರೋದರೊಳಗ ಇಲ್ಲೊಂದು ಕೆರಿ ಇತ್ತು ರೀ. ಇದು ಅದರ ಕೆಸರು."

"ಅಂದ್ರ ಶೇಲ್!"

"ಶೇಲ್ ಆಗೋ ಮನಸ್ಸಿತ್ತು ಇದಕ್ಕ. ಪದರು ತೆಳು, ಪಾಚಿ ಕಡಿಮಿ, ಆಳದಾಗ ಬೇಯಲೂ ಇಲ್ಲ. ಗ್ಯಾಸ್ ಹುಟ್ಟೋದಿಲ್ಲ."

"ಈಗ ಬೇಯಿಸಿದ್ರ?"

"ಕಿಲೋಮೀಟರ್ ಗಟ್ಟಲೆ ಮಣ್ಣು ಹೇರಿ, ಒಂದಿಷ್ಟು ಕೋಟಿ ವರ್ಷ ಕಾಯಬೇಕು."

ಕಲ್ಯಾಣಪ್ಪ ಬುತ್ತಿ ತಂದು ನಿಂತಿದ್ದ ಹೆಂಡತಿಯ ಕಡೆ ನೋಡಿದ.

"ನಾ ಅಷ್ಟು ಕಾಯಂಗಿಲ್ಲ," ಎಂದಳು ರಂಭಾಬಾಯಿ.

ಅವನ ಮುಖ ಇಳಿದುಹೋಯಿತು. ಜೇಡಿಯ ಗುಡ್ಡೆಯ ಮೇಲೆ ಕುಸಿದು ಕೂತ. ಆಮೇಲೆ ಎದ್ದು, "ಇದರ ತಳದಾಗ ದೊಡ್ಡ ಶೇಲ್ ಇರಬೇಕು. ಕಾಶೆಪ್ಪಾ, ಇನ್ನೊಂದು ಪೈಪ್ ಇಳಿಸು!" ಎಂದ.

ಪೈಪು ಅರ್ಧ ಇಳಿದಿರಬೇಕು. ನೆಲದೊಳಗೆ ಗುಡುಗುಡು ಎಂದಿತು. ಕಲ್ಯಾಣಪ್ಪ ಕುಣಿಯ ಬಾಯಿಗೆ ಕಿವಿ ಹಿಡಿದು ಬಗ್ಗಿದ್ದೇ ತಡ, ಬೇವಿನ ಮರದೆತ್ತರ ನೀರು ಚಿಮ್ಮಿತು. ತಲೆಯ ಪಟಗ ಎಲ್ಲಿಗೋ ಹಾರಿಹೋಯಿತು, ಹಣೆಯ ವಿಭೂತಿ ತೊಳೆದು ಮೂಗಿನ ಮೇಲೆ ಇಳಿಯಿತು.

"ಪಾಣೀ! ಪಾಣೀ ಲಾಗಲಂ!" ಎಂದು ಮಂದಿ ನೀರು ಸಿಕ್ಕ ಖುಷಿಯಲ್ಲಿ ಮರಾಠಿಯಲ್ಲಿ ಕೂಗಿ ಕುಣಿದರು. ಕಾಶೆಪ್ಪ ಅಂಗಿ ಕಳೆದು ಅದರಡಿ ನಿಂತ.

"ಬಂದ್ ಮಾಡ್ರಿ! ನನ್ನ ಗ್ಯಾಸ್ ತೋಯ್ತದ!" ಕಲ್ಯಾಣಪ್ಪ ಒದರುತ್ತಲೇ ಇದ್ದ. ಯಾರೂ ಕೇಳಲಿಲ್ಲ.

ಮೇಡಂ ಗದ್ದಲದಲ್ಲೇ ವಿವರಿಸಿದರು. ಜೇಡಿಯ ತಳದಲ್ಲಿದ್ದದ್ದು ಗುಳ್ಳೆಗುಳ್ಳೆಯ, ಬಿರುಕು ಬಿಟ್ಟ ಲಾವಾ. ಆ ತೂತುಗಳಲ್ಲಿ ದೂರದ ಎತ್ತರದಿಂದ ಇಳಿದ ಮಳೆನೀರು ತುಂಬಿತ್ತು. ಮೇಲಿನ ಜೇಡಿ ಮುಚ್ಚಳದಂತೆ ಅದನ್ನು ಒತ್ತಿ ಹಿಡಿದಿತ್ತು. "ನೀವು ಹುಡುಕಿದ ಖಜಾನಿ ಖರೇನೇ ಸಿಕ್ಕದ. ಒಳಗಿನ ಮಾಲು ಮಾತ್ರ ಬ್ಯಾರೆ."

ಸಂಜೆಯೊಳಗೆ ಬೋರಿನಿಂದ ರಸ್ತೆಯ ತನಕ ಕೊಡಗಳ ಸಾಲು ನಿಂತಿತು. ರಂಭಾಬಾಯಿ ಸೆರಗು ಸಿಕ್ಕಿಸಿ, ಜಗಳಾಡುವವರನ್ನು ಗದರಿಸಿ, ಮುದುಕಿಯರನ್ನು ಮುಂದೆ ಬಿಟ್ಟಳು. ಬದುವಿನ ಮೇಲೆ ಮುಖ ಉಬ್ಬಿಸಿ ಕೂತಿದ್ದ ಗಂಡನಿಗೆ ಒಂದು ತಂಬಿಗೆ ತಂದುಕೊಟ್ಟಳು.

ಕಲ್ಯಾಣಪ್ಪ ಕುಡಿದ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಟ್ಯಾಂಕರಿನ ನೀರಿಗೆ ಒಗ್ಗಿಹೋದ ಅವನ ನಾಲಿಗೆಗೆ ಈ ರುಚಿಯೇ ಮರೆತುಹೋಗಿತ್ತು. ಇನ್ನೊಂದು ತಂಬಿಗೆ ಕೇಳಿ ಇಸಿದುಕೊಂಡ.

"ಮೇಡಂ, ಶೇಲ್ ಸೀಳಾಕ ಭಾಳ ನೀರು ಬೇಕು ಅಂದಿದ್ರಿ ಹೌದಿಲ್ಲೊ?" ಎಂದು ತಟ್ಟನೆ ಕೇಳಿದ.

"ಹೌದು ರೀ..." ಮೇಡಂ ಅಳುಕುತ್ತಲೇ ಹೇಳಿದರು.

"ಹಂಗಾದ್ರ ಅರ್ಧ ಕೆಲಸ ಆತು!"

ಅವನು ಎದ್ದು, ತೊಯ್ದ ಧೋತರ ಹಿಂಡಿಕೊಳ್ಳುತ್ತ ಸಾಲಿನುದ್ದಕ್ಕೂ ನಡೆದ. "ತುಂಬಿಕೊಳ್ರಿ, ತುಂಬಿಕೊಳ್ರಿ. ಗ್ಯಾಸಿಗಿ ಒಂದೀಟು ಬಿಡ್ರಿ, ಅಷ್ಟೇ," ಎಂದು ಒಬ್ಬೊಬ್ಬರಿಗೂ ಹೇಳಿದ. ಎಲ್ಲರೂ ಹೂಂ ಅಂದು ಕೊಡದ ಕಂಠದವರೆಗೆ ತುಂಬಿಕೊಂಡರು.